ಐದರ ಶ್ರುತಿ

ಹದಿನಾರು ಚೀಟಿ ಬರೆದು ಮುಗಿದಿದ್ದವು. ಹದಿನೇಳನೆಯದು ಮಾತ್ರ ಗುರುವಾರದಿಂದ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅದರ ನೆತ್ತಿಯಲ್ಲಿ ‘ಕಾಂಟ್ರಾಲ್ಟೊ’ ಎಂದು ಬರೆದು, ಗೆರೆ ಎಳೆದು, ಗೆರೆಯ ಕೆಳಗೆ ವೆಂಕಟಾಚಲ ತನ್ನ ದುಂಡು ಅಕ್ಷರದಲ್ಲಿ ಎರಡೇ ಎರಡು ಪದ ಬರೆದಿದ್ದ: ಗಂಡುದನಿಯ ಹೆಣ್ಣು. ಬರೆದ ದಿನ, ಅಂದರೆ ಬುಧವಾರ, ಅದು ಸರಿಯಾಗಿಯೇ ಕಂಡಿತ್ತು. ಸರಿಯಾಗಿ ಏನು, ಚೆನ್ನಾಗಿಯೇ ಕಂಡಿತ್ತು. ಇಂಗ್ಲಿಷಿನವರು ನಾಲ್ಕು ಸಾಲು ತಿಂದದ್ದನ್ನು ನಾನು ಎರಡು ಪದದಲ್ಲಿ ಮುಗಿಸಿದೆನಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ವರಾಂಡದಲ್ಲಿ ಕೂತು ಮತ್ತೆ ಓದಿದರೆ, ಅದು ಈಗ ಬರೆದದ್ದಲ್ಲ, ಹತ್ತೊಂಬತ್ತು ವರ್ಷದ ಹಿಂದೆ ಬಾಯಿಬಿಟ್ಟು ಆಡಿದ್ದು ಎಂದು ಮತ್ತೆ ಚುಚ್ಚಿತು. ಚೀಟಿಗಳು ಸಂಜೆ ನಾಲ್ಕರ ಟಪಾಲಿಗೆ ಹೋಗಬೇಕಿತ್ತು. ಅದಕ್ಕೆಂದೇ ಕಾಲೇಜಿಗೆ ರಜ ಹಾಕಿದ್ದ. ಒಳಗೆ ಕಾತ್ಯಾಯಿನಿ ಒಗ್ಗರಣೆ ಹಾಕಿದ ಸದ್ದು ಕೇಳಿಸಿತು. ಆ ಮನೆಯಲ್ಲಿ ಹೆಂಡತಿಯಿಂದ ಕೇಳಿಬರುತ್ತಿದ್ದದ್ದು ಇಷ್ಟೇ, ಪಾತ್ರೆಯ ಸದ್ದು, ಬಳೆಯ ಸದ್ದು, ಏಳ್ತೀರಾ ಊಟಕ್ಕೆ ಅನ್ನುವ ಮಾತು. ಇದನ್ನು ಅವನು ಇಷ್ಟು ವರ್ಷ ಗಮನಿಸಿರಲಿಲ್ಲ. ಗುರುವಾರದಿಂದ ಬೇರೇನನ್ನೂ ಗಮನಿಸಲು ಆಗುತ್ತಿರಲಿಲ್ಲ, ಹಲ್ಲು ಬಿದ್ದ ಜಾಗಕ್ಕೇ ನಾಲಗೆ ಹೋಗುವ ಹಾಗೆ.

ಈ ಕೆಲಸ ಅವನ ಕೊರಳಿಗೆ ಬಿದ್ದದ್ದೇ ಒಂದು ತಮಾಷೆ. ಹೈಸ್ಕೂಲು ಮಕ್ಕಳಿಗಾಗಿ ಕಲೆಗಳ ಒಂದು ಪದಕೋಶ ತರಬೇಕೆಂದು ಕೂತ ಸಮಿತಿಯಲ್ಲಿ ಆಪೆರ ಅನ್ನುವ ಮಾತು ಬಂದಾಗ ಎಲ್ಲರೂ ಕಾಫಿ ಲೋಟದೊಳಕ್ಕೆ ನೋಡತೊಡಗಿದರು. ಅಧ್ಯಕ್ಷರಾದ ಅನಂತಪದ್ಮನಾಭ ಅವರು ಕನ್ನಡಕ ಸರಿಮಾಡಿಕೊಂಡು, ನೀವು ಇಂಗ್ಲಿಷ್ ಪಾಠ ಹೇಳೋರು, ಮೇಲಾಗಿ ನಿಮ್ಮ ಮನೇಲಿ ಸಂಗೀತ ಇದೆ ಅಂತ ಕೇಳಿದೀನಿ, ನೀವೇ ಬರೆದುಬಿಡಿ ಎಂದರು. ಇಲ್ಲ ಸಾರ್, ನಮ್ಮ ಮನೇಲಿ ಸಂಗೀತ ಇಲ್ಲ ಅನ್ನಬೇಕಿತ್ತು. ಬದಲಿಗೆ ವಿನಯದಿಂದ ತಲೆ ತಗ್ಗಿಸಿ, ನೋಡ್ತೀನಿ ಸಾರ್ ಅಂದಿದ್ದ. ಆಪೆರವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಅದರಿಂದೇನು, ಕಾಲೇಜಿನಲ್ಲಿ ಅವನು ಕಂಡಿರದ ಸಮುದ್ರ, ಹಿಮ, ಹಡಗುಗಳನ್ನೆಲ್ಲ ಪಾಠ ಹೇಳುತ್ತಿರಲಿಲ್ಲವೇ. ಪುಸ್ತಕ ತಂದ, ಬರೆದ. ಆಪೆರ ಅಂದರೆ ಮಾತೂ ಹಾಡಾಗಿಯೇ ಬರುವ ನಾಟಕ. ಲಿಬ್ರೆಟೊ ಅಂದರೆ ಆ ನಾಟಕದ ಸಾಹಿತ್ಯ; ಕಂಪನಿ ನಾಟಕದ ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ನೆನೆದು ಅದನ್ನೂ ಬರೆದ. ರೆಸಿಟೆಟಿವ್ ಅಂದರೆ ಕಥೆ ಮುಂದಕ್ಕೆ ಹೋಗಲೆಂದು ಮಾತನ್ನೇ ರಾಗವಾಗಿ ಆಡುವುದು. ಆರಿಯಾ ಅಂದರೆ ಕಥೆ ನಿಂತು, ಒಂದೇ ಒಂದು ಜೀವ ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಹಾಡಿಕೊಳ್ಳುವುದು. ಇದನ್ನು ಬರೆಯುವಾಗ, ನಾವು ಆಡುವುದೆಲ್ಲ ಬರೀ ರೆಸಿಟೆಟಿವ್ ಆಗಿಹೋಯಿತಲ್ಲ, ಬೇಳೆ ಮುಗಿದಿದೆ, ಬಸ್ಸು ತಡವಾಯಿತು, ನಲ್ಲಿಯಲ್ಲಿ ನೀರಿಲ್ಲ, ಅಂತ ಒಂದು ಗಳಿಗೆ ಪೆನ್ನು ನಿಂತಿತ್ತು. ಆಮೇಲೆ ದನಿಗಳು ಬಂದವು. ಗಂಡಸಿನ ಎತ್ತರದ ದನಿ ಟೆನರ್, ನಾಯಕ ಅವನೇ. ನಡುವಿನದು ಬ್ಯಾರಿಟೋನ್, ಅಣ್ಣನೋ ಅಪ್ಪನೋ ಎದುರಾಳಿಯೋ ಆಗುವವನು. ತೀರ ತಗ್ಗಿನದು ಬೇಸ್, ರಾಜ, ಪುರೋಹಿತ, ಇಲ್ಲವೇ ದೆವ್ವ. ಹೆಂಗಸಿನ ಎತ್ತರದ ದನಿ ಸೊಪ್ರಾನೊ, ನಾಯಕಿ. ಅದರ ಕೆಳಗಿನದು ಮೆಜೊ ಸೊಪ್ರಾನೊ, ಸಖಿ ಇಲ್ಲ ಸವತಿ. ಗಂಟಲು ನೋಡಿ ಪಾತ್ರ ಹಂಚಿಬಿಡುವ ಈ ಪದ್ಧತಿ ಅವನಿಗೆ ಬಹಳ ಹಿಡಿಸಿತು. ಮನುಷ್ಯರಿಗೂ ಹೀಗೆ ಚೀಟಿ ಅಂಟಿಸಿಟ್ಟಿದ್ದರೆ ಎಷ್ಟು ಸಲೀಸು ಅಂದುಕೊಂಡ.

ಒಂದು ಸಲವೂ ಕೇಳದೆ ಕಳಿಸಿದರೆ ಮೋಸವಾದೀತು ಎಂದು ಗುರುವಾರ ಸಂಜೆ ನಾಲ್ಕನೇ ಬ್ಲಾಕಿನ ಜಯಸಿಂಹರ ಮನೆಗೆ ಹೋದ. ಜಯಸಿಂಹ ಕೋಲಾರದ ಗಣಿಯ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರಾದವರು. ಅವರ ದೊರೆ ಸ್ವದೇಶಕ್ಕೆ ಹೊರಟಾಗ ಬಿಟ್ಟುಹೋದ ಗ್ರಾಮಫೋನು, ಎರಡು ಪೆಟ್ಟಿಗೆ ಪ್ಲೇಟು ಅವರ ಪಾಲಿಗೆ ಬಂದಿದ್ದವು, ಜೊತೆಗೆ ಒಂದಿಷ್ಟು ಜ್ಞಾನ. ಒಂದು ಪ್ಲೇಟು ಹಾಕಿದರು. ಎತ್ತರದ ಹೆಂಗಸಿನ ದನಿ, ಇದು ಸೊಪ್ರಾನೊ ಎಂದ ವೆಂಕಟಾಚಲ, ಸರಿಯಾಯಿತು. ಇನ್ನೊಂದು ಹಾಕಿದರು. ಮೊದಲು ಪಿಟೀಲುಗಳು ಒಟ್ಟಿಗೆ ಬಂದವು, ಆಮೇಲೆ ಅವೆಲ್ಲದರ ಕೆಳಗಿನಿಂದ, ಯಾವ ಅವಸರವೂ ಇಲ್ಲದೆ ಒಂದು ದನಿ ಎದ್ದಿತು. ಬ್ಯಾರಿಟೋನ್ ಎಂದು ವೆಂಕಟಾಚಲ ತರಗತಿಯ ಮೊದಲ ಬೆಂಚಿನ ಹುಡುಗನ ಹಾಗೆ ಹೇಳಿದ. ಜಯಸಿಂಹ ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡರು. ಹೆಂಗಸು ಕಣ್ರೀ ಅದು, ಎಂದರು. ಕಾಂಟ್ರಾಲ್ಟೊ. ಸೊಪ್ರಾನೊ ನೂರು ಜನ ಸಿಕ್ಕಾರಂತೆ, ಇಂಥದ್ದು ಒಂದು ಸಿಗೋದು ಕಷ್ಟವಂತೆ, ಅಲ್ಲಿಯವರು ಊರೂರು ಹುಡುಕುತ್ತಾರಂತೆ. ನಮ್ಮ ದೊರೆಯ ಹೆಂಡತಿ ಸಂಜೆ ಇದನ್ನು ಹಾಕಿಕೊಂಡು ಕಣ್ಣೊರೆಸಿಕೊಳ್ಳುತ್ತ ಕೂತಿರುತ್ತಿದ್ದಳು, ಎಂದೆಲ್ಲ ಹೇಳಿದರು. ವೆಂಕಟಾಚಲ ಇನ್ನೊಂದು ಸಲ ಹಾಕಿ ಎಂದ. ಮೂರನೇ ಸಲ ಹಾಕಿ ಎಂದಾಗ ಅವರು ಅವನ ಮುಖ ನೋಡಿ ಏನೂ ಕೇಳದೆ ಹಾಕಿದರು. ಭಾಷೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ದನಿ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿದ್ದ ದನಿ. ಅದು ಒಂದು ಸ್ವರದಿಂದ ಕೆಳಗಿಳಿದು ಅಲ್ಲಿ ಕೂರುವ ರೀತಿ, ಕೂತ ಮೇಲೆ ಮನೆಯ ಹಿರಿಯಳ ಹಾಗೆ ನಿರಾಳವಾಗಿ ಉಸಿರಾಡುವ ರೀತಿ, ಎಲ್ಲವೂ ಗೊತ್ತಿತ್ತು. ಈ ದನಿಯನ್ನು ಒಂದು ಕಾಲದಲ್ಲಿ ತಾನು ಮನೆಗೆ ಕರೆತಂದಿದ್ದ.

ಬಸವನಗುಡಿಯ ಆ ನಡುಮನೆಯ ನೆಲ ತಣ್ಣಗಿತ್ತು. ಹೆಣ್ಣು ನೋಡಲು ಹೋದ ಅವನಿಗೆ ಮೊದಲು ನೆನಪಾಗುವುದು ನೆಲದ ತಂಪು, ಆಮೇಲೆ ಹುಡುಗಿಯ ಅಪ್ಪ ಗಂಗಾಧರಯ್ಯನವರ ಬೆರಳು. ಡ್ರಾಯಿಂಗ್ ಮೇಷ್ಟ್ರು ಅವರು, ಉಗುರಿನಲ್ಲಿ ಬಣ್ಣ ಇತ್ತು. ಮಗಳು ಹಾಡುತ್ತಾಳೆ ಎಂದು ಹಾರ್ಮೋನಿಯಂ ಎಳೆದುಕೊಂಡು ಶ್ರುತಿಗೆಂದು ಎರಡನೇ ಬಿಳಿ ಮನೆ ಒತ್ತಿ ಹಿಡಿದರು. ವೆಂಕಟಾಚಲನ ಅಮ್ಮ ಅಂಜನಮ್ಮ ಮಗನ ಕಡೆ ತಿರುಗಿ ಹುಬ್ಬೇರಿಸಿದರು. ಎಡಗಡೆಯಿಂದ ಎಣಿಸಿದರೆ ಒಂದನೇ ಮನೆ ಗಂಡಸರ ತಗ್ಗಿನ ಶ್ರುತಿ, ಐದನೆಯದು ಹೆಂಗಸರ ಎತ್ತರದ್ದು, ಇದು ಅವರ ಪೈಕಿಯ ಎಲ್ಲ ಕುಟುಂಬಗಳಲ್ಲೂ ಮಕ್ಕಳಿಗೂ ಗೊತ್ತಿದ್ದ ಲೆಕ್ಕ. ಹುಡುಗಿ ಎರಡಕ್ಕೆ ಹಾಡುವುದೆಂದರೆ ಏನು. ಹುಡುಗಿ ಹಾಡಿದಳು. ವೆಂಕಟಾಚಲನಿಗೆ ಎದೆಯೊಳಗೆ ಯಾರೋ ಕಿಟಕಿ ತೆಗೆದ ಹಾಗಾಯಿತು. ಅವನು ಒಪ್ಪಿದ್ದು ಅದಕ್ಕೇ. ಮೂಗು ಕಣ್ಣು ಜಾತಕ ಯಾವುದನ್ನೂ ನೋಡದೆ ಆ ದನಿಯನ್ನು ಒಪ್ಪಿದ್ದ, ಮತ್ತು ಇದನ್ನು ಇವತ್ತಿನವರೆಗೆ ಅವಳಿಗೂ ಹೇಳಿರಲಿಲ್ಲ. ಇಷ್ಟಪಡದೆ ಹಾಳುಮಾಡಿದ್ದರೆ ಅದೊಂದು ಬಗೆ. ಇಷ್ಟಪಟ್ಟು, ಅದಕ್ಕೆ ನಾಚಿಕೊಂಡು ಹಾಳುಮಾಡಿದೆನಲ್ಲ, ಥೂ, ಎಂದು ವರಾಂಡದಲ್ಲಿ ಕೂತವನು ಗಟ್ಟಿಯಾಗಿಯೇ ಅಂದ. ಎದುರು ಮನೆಗೆ ಹೊಸದಾಗಿ ಬಂದಿದ್ದ ಚನ್ನಬಸವಯ್ಯ ಗಿಡಗಳಿಗೆ ನೀರು ಹಾಕುತ್ತಿದ್ದವರು, ಏನ್ ಸಾರ್, ಎಂದು ಕೇಳಿದರು. ಬೀದಿಯಲ್ಲಿ ಎಲೆ ಬಿದ್ದರೂ ಏನು ಎಂದು ಕೇಳುವ ಮನುಷ್ಯ. ಏನಿಲ್ಲ ಸಾರ್, ಸೊಳ್ಳೆ, ಎಂದ.

ಮದುವೆಯಾದ ವರ್ಷದ ಗೌರಿ ಹಬ್ಬ. ಆಗ ಇದ್ದದ್ದು ವಿಶ್ವೇಶ್ವರಪುರದ ಬಾಡಿಗೆ ಮನೆ. ಅರಿಶಿನ ಕುಂಕುಮಕ್ಕೆ ಹದಿನೈದು ಇಪ್ಪತ್ತು ಹೆಂಗಸರು ಸೇರಿದ್ದರು. ಹೊಸ ಸೊಸೆ ಹಾಡಲಿ ಎಂದರು, ಕಾತ್ಯಾಯಿನಿ ದೇವರ ಮುಂದೆ ಕೂತು ಹಾಡತೊಡಗಿದಳು. ಹಿತ್ತಲಲ್ಲಿದ್ದ ಅಂಜನಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಅಯ್ಯೋ, ಇವಳಾ, ಯಾರೋ ಭಾಗವತ್ರು ಬಂದು ಹಾಡ್ತಿದಾರೆ ಅಂದ್ಕೊಂಡೆ ಕಣ್ರೇ, ಅಂದರು. ಹೆಂಗಸರು ನಕ್ಕರು. ಅಮ್ಮನದು ಅಂಥ ಕೆಟ್ಟ ಮನಸ್ಸಲ್ಲ, ಬಾಯಿಗೆ ಬಂದದ್ದು ಆಡುವ ಜಾಯಮಾನ. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಾಗಿಲ ಬಳಿ ನಿಂತಿದ್ದ ವೆಂಕಟಾಚಲ, ಸಂಗೀತ ಬಲ್ಲವನೆಂದು ಹೆಸರು ಮಾಡಿದ್ದ ಇಪ್ಪತ್ತೇಳು ವರ್ಷದ ವೆಂಕಟಾಚಲ, ‘ನಮ್ಮವಳದು ಗಂಡುದನಿ’ ಎಂದ. ಎಂದು ನಕ್ಕ. ಯಾರೂ ಅವನನ್ನು ಕೇಳಿರಲಿಲ್ಲ. ಕಾತ್ಯಾಯಿನಿ ಹಾಡು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ, ಚರಣಗಳನ್ನೆಲ್ಲ ಮುಗಿಸಿ, ನಮಸ್ಕಾರ ಮಾಡಿ ಎದ್ದಳು. ಆ ನಗು ಅವನಿಗೆ ಈಗಲೂ ಕಿವಿಯಲ್ಲಿತ್ತು. ವಿಚಿತ್ರ ಅಂದರೆ ಅದು ಸ್ವಲ್ಪ ಕೀರಲಾಗಿತ್ತು, ಇಂಗ್ಲಿಷಿನವರು ಪಾತ್ರ ಹಂಚಿದ್ದರೆ ಆ ನಗುವಿಗೆ ಟೆನರ್ ಕೂಡ ಸಿಗುತ್ತಿರಲಿಲ್ಲ.

ಅದಾದ ಮೇಲೆ ತಿದ್ದುವ ಕೆಲಸ. ಈ ದನಿಯನ್ನು ನಾಲ್ಕು ಜನರ ಎದುರಿಗೆ ತರುವಂತೆ ಮಾಡಬೇಕು, ಅಭ್ಯಾಸದಿಂದ ಆಗದೇ ಇರುವುದು ಯಾವುದಿದೆ ಎಂದು ಪ್ರತಿದಿನ ಸಂಜೆ ಹಾರ್ಮೋನಿಯಂ ಮುಂದೆ ಕೂರುತ್ತಿದ್ದ. ತಿಂಗಳಿಗೆ ಅರ್ಧ ಮನೆ ಏರಿಸುವುದು ಎಂದು ಲೆಕ್ಕ ಹಾಕಿದ್ದ. ಎರಡೂವರೆ. ಮೂರು. ನಾಲ್ಕಕ್ಕೆ ಬಂದಾಗ ಅವಳು ಬಿಸಿನೀರು ಕುಡಿಯತೊಡಗಿದಳು. ನಾಲ್ಕೂವರೆಗೆ ಬಂದಾಗ ಕೊರಳಿನ ಎರಡು ನರ ಹಗ್ಗದ ಹಾಗೆ ಎದ್ದು ಕಾಣುತ್ತಿದ್ದವು, ಅವನು ಅವನ್ನು ನೋಡಿ, ಶಾಭಾಸ್, ಅಂದಿದ್ದ. ಅವಳು ಒಂದು ದಿನವೂ ಆಗುವುದಿಲ್ಲ ಅನ್ನಲಿಲ್ಲ. ಆಗುವುದಿಲ್ಲ ಅಂದಿದ್ದರೆ ತಾನು ಬಿಡುತ್ತಿದ್ದೆನೋ ಏನೋ ಎಂದು ಗುರುವಾರ ರಾತ್ರಿ ಯೋಚಿಸಿ, ಆ ಯೋಚನೆಯ ನಾಚಿಕೆಗೇಡಿತನಕ್ಕೆ ತಾನೇ ಹೇಸಿದ್ದ. ತಪ್ಪನ್ನು ಅವಳ ತಲೆಗೆ ಕಟ್ಟುವುದಕ್ಕೆ ಇನ್ನೂ ಸಂದು ಹುಡುಕುತ್ತಿದೀಯಲ್ಲೋ. ಮರುವರ್ಷ ನವರಾತ್ರಿಯ ಬೊಂಬೆಗಳ ಮುಂದೆ, ಅದೇ ಹೆಂಗಸರ ಎದುರು, ಐದನೇ ಮನೆ ಒತ್ತಿ ಅವನೇ ಶ್ರುತಿ ಹಿಡಿದ. ಪಲ್ಲವಿ ಆಯಿತು. ಹಾಡು ಮೇಲಕ್ಕೆ ಏರುವ ಕಡೆ ಅವಳ ದನಿ ಒಂದು ಕಡ್ಡಿ ಮುರಿದ ಹಾಗೆ ಮುರಿಯಿತು. ಆಮೇಲೆ ದನಿಯೇ ಇಲ್ಲ, ತೆರೆದ ಬಾಯಿ, ಒತ್ತಿ ಹಿಡಿದ ಐದನೇ ಮನೆಯ ಸದ್ದು ಮಾತ್ರ. ಅವನಿಗೆ ಬೆರಳು ತೆಗೆಯಬೇಕೆಂದೂ ಹೊಳೆಯಲಿಲ್ಲ. ಕಾತ್ಯಾಯಿನಿ ಬಾಯಿ ಮುಚ್ಚಿ, ಎದ್ದು, ಎಲ್ಲರಿಗೂ ತಾಂಬೂಲ ಕೊಟ್ಟಳು. ಅವತ್ತಿನಿಂದ ಅವಳು ಹಾಡಲಿಲ್ಲ. ಮಗಳು ಸತ್ಯಭಾಮಾ ಹುಟ್ಟಿದಾಗಲೂ, ಈಗ ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿರುವ ಅದೇ ಸತ್ಯಭಾಮಾ, ಅವಳನ್ನು ಬರೀ ಬೆನ್ನು ತಟ್ಟಿ ಮಲಗಿಸುತ್ತಿದ್ದಳು. ಜಯನಗರದಲ್ಲಿ ಮನೆ ಕಟ್ಟಿ ಬಂದಾಗ ಹಾರ್ಮೋನಿಯಂ ಹಳೆಯ ಸೀರೆಯೊಳಗೆ ಅಟ್ಟ ಸೇರಿತು.

ಗೇಟಿನ ಚಿಲಕ ಕಿರ್‍ರೆಂದಿತು. ಮುನಿಲಕ್ಷ್ಮಮ್ಮ ಸೊಪ್ಪಿನ ಬುಟ್ಟಿ ಹೊತ್ತು ಒಳಗೆ ಬರುತ್ತಿದ್ದಳು. ಹೊಸಕೆರೆಹಳ್ಳಿಯಿಂದ ರಾಗಿ ಹೊಲಗಳನ್ನು ದಾಟಿ ನಡೆದೇ ಬರುವ ಹೆಂಗಸು, ಒಂಬತ್ತು ವರ್ಷದಿಂದ ವಾರಕ್ಕೆ ಮೂರು ದಿನ ಈ ಮನೆಗೆ ಸೊಪ್ಪು ಹಾಕುತ್ತಿದ್ದಳು. ವೆಂಕಟಾಚಲ ಕಾಲೇಜಿನಲ್ಲಿರುವ ಹನ್ನೊಂದರ ಹೊತ್ತು ಅವಳದು, ಹೀಗಾಗಿ ಅವನು ಅವಳನ್ನು ಎದುರಿಗೆ ಕಂಡದ್ದು ಅಪರೂಪ. ವರಾಂಡದಲ್ಲಿ ಅವನನ್ನು ನೋಡಿ ಅವಳ ಮುಖ ಸಪ್ಪಗಾಯಿತು. ಅಯ್ಯೋ, ಸಾಮಿ ಮನೇಲೇ ಅವ್ರೆ, ಹಂಗಾರೆ ಇವತ್ತು ಹಾಡಿಲ್ಲ ಬಿಡಿ, ಎಂದು ಬುಟ್ಟಿ ಇಳಿಸಿದಳು. ಯಾವ ಹಾಡು ಎಂದು ಕೇಳಿದ. ಅವಳು ಸೊಪ್ಪಿನ ಮೇಲಿನ ಒದ್ದೆ ಬಟ್ಟೆ ತೆಗೆಯುತ್ತ, ಮಳೆ ಬಿಸಿಲಿನ ಸುದ್ದಿ ಹೇಳುವ ಹಾಗೆ ಹೇಳಿದಳು.

‘ಅಮ್ಮಾರು ಹೇಳ್ತಾರಲ್ಲ, ಅದೇಯ. ನಿಮ್ಮ ಮನೇನ ಕೊನೇಗೆ ಇಕ್ಕಂಡಿವ್ನಿ ನಾನು, ಒಂದು ಗಳಿಗೆ ಕುಂತು ಕೇಳಿ ಓಗಾನ ಅಂತ.’

ಎಷ್ಟು ದಿನದಿಂದ ಎಂದು ಅವನ ಬಾಯಿ ಕೇಳಿತು. ನೀವು ಈ ಮನೇಗೆ ಬಂದಾಗಿಂದ ಸಾಮಿ, ಎಂದಳು ಅವಳು. ಕಾತ್ಯಾಯಿನಿ ಬಾಗಿಲಿಗೆ ಬಂದಿದ್ದಳು. ಅವಳ ಕೈಯಲ್ಲಿ ಮೊರ ಇತ್ತು. ಮಾತು ಕೇಳಿಸಿದೆ ಎಂದು ಮುಖದಲ್ಲಿ ಇತ್ತೇ ಹೊರತು, ಸಿಕ್ಕಿಬಿದ್ದವರ ಗಾಬರಿ ಇರಲಿಲ್ಲ. ದಂಟು ಎಳೆಯದಿದೆಯಾ ಮುನಿಲಕ್ಷ್ಮಮ್ಮ, ಎಂದು ಕೇಳಿ, ಎರಡು ಕಟ್ಟು ತೆಗೆದುಕೊಂಡು ಒಳಗೆ ಹೋದಳು.

ಸಂತೋಷವಾಗಬೇಕಿತ್ತು. ಎರಡು ದಿನದಿಂದ ಆ ದನಿಯನ್ನು ಕೊಂದೆ ಕೊಂದೆ ಎಂದು ಕೊರಗುತ್ತಿದ್ದವನಿಗೆ ಅದು ಬದುಕಿದೆ, ವಾರಕ್ಕೆ ಮೂರು ದಿನ ಹನ್ನೊಂದು ಗಂಟೆಗೆ ಬದುಕಿದೆ ಎಂದು ತಿಳಿದಾಗ ಮನುಷ್ಯನಾದವನಿಗೆ ಸಂತೋಷವಾಗಬೇಕು. ವೆಂಕಟಾಚಲನಿಗೆ ಆದದ್ದು ಹೊಟ್ಟೆಯುರಿ. ಸೊಪ್ಪಿನವಳಿಗೆ! ಜಗಲಿಯ ಮೇಲೆ ಎಲೆಯಡಿಕೆ ಉಗಿಯುತ್ತ ಕೂರುವವಳಿಗೆ! ಆಮೇಲೆ ಆ ಹೊಟ್ಟೆಯುರಿಯ ಅಡಿಯಿಂದ ಇನ್ನೊಂದು ಮೇಲೆ ಬಂತು. ಎರಡು ದಿನದಿಂದ ತಾನು ಮುದ್ದಿನಿಂದ ಸಾಕುತ್ತಿದ್ದ ಪಶ್ಚಾತ್ತಾಪದಲ್ಲೂ ಎಷ್ಟು ಜಂಬ ಇತ್ತು. ಒಂದು ಜೀವದ ಹಾಡನ್ನು ನಿಲ್ಲಿಸುವಷ್ಟು ದೊಡ್ಡ ಮನುಷ್ಯ ತಾನು ಎಂದುಕೊಂಡಿದ್ದ. ಹೇಗೆ ಕ್ಷಮೆ ಕೇಳುವುದು, ಯಾವ ಮಾತಿನಲ್ಲಿ ದನಿ ನಡುಗಿಸುವುದು ಎಂದೆಲ್ಲ ತಯಾರಿ ಮಾಡಿಕೊಂಡಿದ್ದ. ಅವಳು ನಿಲ್ಲಿಸಿಯೇ ಇರಲಿಲ್ಲ. ಅವನು ಗೇಟು ದಾಟಿದ ಮೇಲೆ ಈ ಮನೆಯಲ್ಲಿ ಹಾಡು ಶುರುವಾಗುತ್ತಿತ್ತು, ಅವನು ಬರುವಾಗ ನಿಲ್ಲುತ್ತಿತ್ತು, ಅಷ್ಟೇ. ಹಾಡು ಕಳೆದುಕೊಂಡವನು ಅವನೊಬ್ಬನೇ. ಆ ಚಿಲಕ. ಅದಕ್ಕೆ ಎಣ್ಣೆ ಬಿಡುತ್ತೀನಿ ಎಂದು ಎಷ್ಟು ಸಲ ಎದ್ದಿರಲಿಲ್ಲ ಅವನು, ಇರಲಿ ಬಿಡಿ, ಕಳ್ಳರು ಬಂದರೆ ಗೊತ್ತಾಗತ್ತೆ, ಎಂದು ಪ್ರತಿ ಸಲವೂ ಅವಳು ತಡೆದಿದ್ದಳು. ಒಂಬತ್ತು ವರ್ಷ ಆ ಚಿಲಕ ಯಾರು ಬಂದದ್ದನ್ನು ಒಳಗೆ ತಿಳಿಸುತ್ತಿತ್ತು ಎಂದು ಈಗ ಗೊತ್ತಾಗಿ ಅವನಿಗೆ ಅಳು ಬರುವಂತಾಯಿತು.

ಊಟ ಆಯಿತು. ದಂಟಿನ ಹುಳಿ ಚೆನ್ನಾಗಿತ್ತು, ಚೆನ್ನಾಗಿದೆ ಎಂದ, ಸ್ವಲ್ಪ ಉಪ್ಪು ಮುಂದಾಯಿತು ಎಂದಳು ಅವಳು. ಎರಡು ಗಂಟೆಗೆ ಸ್ಟೂಲು ಹಾಕಿಕೊಂಡು ಅಟ್ಟದಿಂದ ಹಾರ್ಮೋನಿಯಂ ಇಳಿಸಿದ. ಸೀನಿದ. ತಿದಿಯ ಮೂಲೆಯನ್ನು ಇಲಿ ಕಡಿದಿತ್ತು, ಆದರೂ ಗಾಳಿ ಹಿಡಿಯುತ್ತಿತ್ತು. ನಡುಮನೆಯಲ್ಲಿ ಕಾತ್ಯಾಯಿನಿ ಮಿಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದಳು, ಅವಳ ಎದುರು ಅದನ್ನಿಟ್ಟುಕೊಂಡು ಕೂತ. ತಯಾರಿ ಮಾಡಿದ ಮಾತುಗಳಲ್ಲಿ ಒಂದೂ ಬರಲಿಲ್ಲ. ಜಯಸಿಂಹರ ಪ್ಲೇಟಿನ ವಿಷಯ ಹೇಳಿದ, ಅಂಥ ದನಿಯನ್ನು ಅಲ್ಲಿಯವರು ಹುಡುಕಿಕೊಂಡು ಹೋಗುತ್ತಾರೆ ಎಂದ, ಬಸವನಗುಡಿಯಲ್ಲಿ ತಾನು ಒಪ್ಪಿದ್ದು ದನಿಯನ್ನೇ ಎಂದ. ಅವಳು ದಂಟಿನ ನಾರು ಎಳೆಯುತ್ತಲೇ ಕೇಳುತ್ತಿದ್ದಳು. ಕೊನೆಗೆ, ನಾನು ತಪ್ಪು ಮಾಡಿದೆ ಕಾತ್ಯಾಯಿನಿ, ಅವತ್ತು ನಕ್ಕದ್ದು ತಪ್ಪು, ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು, ಎಂದ. ದನಿ ನಡುಗಿಸಬೇಕಾಗಲಿಲ್ಲ, ಅದೇ ನಡುಗಿತು. ಅವಳು ಎಳೆದ ನಾರನ್ನು ಮೊರಕ್ಕೆ ಹಾಕಿದಳು. ನನ್ನ ಎದುರಿಗೆ ಒಂದು ಸಲ ಹಾಡು, ಎಂದು ತಿದಿ ಒತ್ತಿ ಮನೆ ಹಿಡಿದ.

ಸದ್ದು ಬಂದ ಮೇಲೇ ಅವನಿಗೆ ತಿಳಿದದ್ದು. ನೋಡಿದರೆ ಬೆರಳು ಐದನೇ ಮನೆಯ ಮೇಲೆ ಕೂತಿತ್ತು.

ಕಾತ್ಯಾಯಿನಿಗೆ ನೋಡುವ ಅಗತ್ಯವೂ ಇರಲಿಲ್ಲ. ಅವಳು ನಕ್ಕಳು, ಅದರಲ್ಲಿ ಕೊಂಕು ಇರಲಿಲ್ಲ, ಹಟಮಾರಿ ಮಗುವನ್ನು ನೋಡಿ ನಕ್ಕ ಹಾಗಿತ್ತು. ‘ನೀವು ತಿಳ್ಕೊಂಡ್ರಿ. ನಿಮ್ಮ ಬೆರಳಿಗೆ ಇನ್ನೂ ತಿಳಿದಿಲ್ಲ’ ಅಂದಳು. ಅವನು ಗಡಬಡಿಸಿ ಬೆರಳನ್ನು ಎರಡಕ್ಕೆ ಎಳೆದ. ಅವಳು ಬೇಡ ಎಂದು ತಲೆಯಾಡಿಸಿದಳು. ಸಿಟ್ಟಿಲ್ಲ ಎಂದಳು. ಮೊದಲು ಇತ್ತು, ಬಹಳ ಇತ್ತು, ನಿಮ್ಮ ಅಮ್ಮನ ಮೇಲಲ್ಲ, ನಿಮ್ಮ ಮೇಲೇ ಇತ್ತು, ಆ ಮುರಿದ ದಿನ ಇನ್ನು ಈ ಮನುಷ್ಯನ ಕಿವಿಗೆ ನನ್ನ ಹಾಡು ಬೀಳಬಾರದು ಅಂದುಕೊಂಡೆ. ಈಗ ಸಿಟ್ಟು ಹೋಗಿದೆ, ಆದರೆ ನೀವು ಎದುರಿಗೆ ಕೂತರೆ ಗಂಟಲು ಅದಾಗಿ ಹಿಡಿದುಕೊಳ್ಳುತ್ತೆ, ನಾನೇನು ಮಾಡಲಿ. ಇಷ್ಟು ಉದ್ದಕ್ಕೆ ಅವಳು ಅವನೊಂದಿಗೆ ಮಾತಾಡಿದ್ದು ಯಾವಾಗಲೋ. ಆ ಮಾತೇ, ತಗ್ಗಿನಲ್ಲಿ, ನಿಧಾನಕ್ಕೆ, ಕಥೆ ನಿಲ್ಲಿಸಿ ಆಡಿದ ಹಾಗಿತ್ತು. ಅವನು ತಿದಿ ಮುಚ್ಚಿ ಕೊಕ್ಕೆ ಹಾಕಿದ. ಅವಳು ಗಡಿಯಾರ ನೋಡಿ, ನಾಲ್ಕಕ್ಕೆ ಡಬ್ಬ ತೆಗೀತಾರೆ, ಬರೆಯೋದು ಮುಗೀತಾ ಎಂದು ಕೇಳಿದಳು. ಒಂದು ಉಳಿದಿದೆ ಎಂದ. ಚೀಟಿ ತಂದು ತೋರಿಸಬಾರದಿತ್ತು. ಆದರೆ ತೋರಿಸದೆ ಇರುವುದು ಇನ್ನೂ ದೊಡ್ಡ ಕಳ್ಳತನ ಅನ್ನಿಸಿ ತಂದು ಅವಳ ಕೈಗೇ ಕೊಟ್ಟ. ಅವಳು ಕನ್ನಡಕವಿಲ್ಲದೆ ದೂರ ಹಿಡಿದು ಓದಿದಳು. ಯಾವತ್ತು ಬರೆದದ್ದು ಎಂದಳು. ಬುಧವಾರ, ಆ ಪ್ಲೇಟು ಕೇಳೋಕ್ಕೆ ಮುಂಚೆ, ಎಂದ. ಏನಂತ ಬರೆಯಲಿ, ನೀನೇ ಹೇಳು, ಎಂದ.

‘ಹೆಂಗಸಿನ ದನಿ ಅಂತ ಬರೀರಿ.’

ಅಷ್ಟು ಬರ್‍ದರೆ ಸಾಲದು ಕಣೆ, ಸೊಪ್ರಾನೊನೂ ಹೆಂಗಸಿನದೇ, ಮಕ್ಕಳಿಗೆ ವ್ಯತ್ಯಾಸ ತಿಳಿಯಬೇಕಲ್ಲ, ಎಂದು ಮೇಷ್ಟ್ರ ಬಾಯಿ ತಡೆಯದೆ ಹೇಳಿಬಿಟ್ಟಿತು. ತಗ್ಗಿನದು ಅಂತ ಸೇರಿಸಿ, ಎಂದಳು ಅವಳು. ಆದರೆ ಮೊದಲು ಹೆಂಗಸಿನದು ಅಂತ ಇರಲಿ.

ಹಾಗೇ ಬರೆದ. ಹೆಂಗಸಿನ ದನಿ, ತಗ್ಗಿನಲ್ಲಿ ನೆಲೆಯಾದದ್ದು, ಅಪರೂಪದ್ದು. ಹಳೆಯ ಚೀಟಿ ಹರಿದು ಹೊಸದನ್ನು ಸೇರಿಸಿ ಲಕೋಟೆ ಅಂಟಿಸಿದ. ಟಪಾಲಿಗೆ ಹಾಕಿ ಹಾಗೇ ಜಯಸಿಂಹರ ಮನೆಗೆ ಹೋಗಿ ಬರ್ತೀನಿ, ಆರಾಗುತ್ತೆ, ಎಂದು ಹೇಳಿ ಹೊರಟ. ಡಬ್ಬ ಇದ್ದದ್ದು ದೊಡ್ಡ ರಸ್ತೆಯ ತಿರುವಿನಲ್ಲಿ. ಹಾಕಿದ. ಜಯಸಿಂಹರ ಮನೆಗೆ ಬೀಗ ಬಿದ್ದಿತ್ತು, ಲಾಲ್‌ಬಾಗಿಗೆ ಹೋದರು ಎಂದು ಪಕ್ಕದವರು ಹೇಳಿದರು. ಹಿಂದಕ್ಕೆ ಹೊರಟ. ಅಲ್ಲಲ್ಲಿ ಖಾಲಿ ಸೈಟುಗಳು, ಕಟ್ಟುತ್ತಿರುವ ಗೋಡೆಗಳು, ತೆಂಕಣ ಗಾಳಿಗೆ ಒಣಗಿದ ಹುಲ್ಲಿನ ವಾಸನೆ. ಬೆರಳನ್ನು ಜೇಬಿನೊಳಗೆ ಮಡಿಸಿಟ್ಟುಕೊಂಡು ನಡೆದ. ಬೀದಿಯ ತಿರುವಿನಲ್ಲಿ ಏನೂ ಕೇಳಿಸಲಿಲ್ಲ. ಚನ್ನಬಸವಯ್ಯನವರ ಮನೆಯ ಹತ್ತಿರ ಬಂದಾಗ ಕೇಳಿಸಿತು.

ಅದೇ ಹಾಡು, ಬಸವನಗುಡಿಯದು. ಎರಡಕ್ಕಿಂತಲೂ ಸ್ವಲ್ಪ ತಗ್ಗಿತ್ತು, ವಯಸ್ಸು ಅಷ್ಟು ಇಳಿಸಿತ್ತು. ಶ್ರುತಿ ಇರಲಿಲ್ಲ, ತಾಳ ಇರಲಿಲ್ಲ, ನಡುವೆ ಕೊಡ ಇಟ್ಟ ಸದ್ದು, ಮತ್ತೆ ಹಾಡು. ವೆಂಕಟಾಚಲ ಗೇಟಿನವರೆಗೆ ಬಂದು ಚಿಲಕದ ಮೇಲೆ ಕೈ ಇಟ್ಟ. ಚಿಲಕ ಎತ್ತಲಿಲ್ಲ. ಎತ್ತಿದರೆ ಅದು ಕೂಗುತ್ತದೆ, ಕೂಗಿದರೆ ಒಳಗೆ ನಿಲ್ಲುತ್ತದೆ. ಹಿಂದೆ ಚನ್ನಬಸವಯ್ಯ ನೀರಿನ ಕ್ಯಾನು ಹಿಡಿದುಕೊಂಡು ಬೇಲಿಯ ಹತ್ತಿರ ಬಂದರು. ಅವರದು ಯಾವಾಗಲೂ ದೊಡ್ಡ ಗಂಟಲು, ಬಾಯಿ ತೆರೆಯುವ ಮೊದಲೇ ಅವನು ತುಟಿಗೆ ಬೆರಳಿಟ್ಟು ಮೆಲ್ಲಗೆ ಎಂದು ಸನ್ನೆ ಮಾಡಿದ.

‘ಯಾರ್ ಸಾರ್ ಒಳಗೆ’ ಎಂದು ಅವರು ಪಿಸುಗುಟ್ಟಿದರು. ‘ಭಾಗವತ್ರು ಯಾರಾದ್ರೂ ಬಂದಿದಾರಾ?’

ಅವನಿಗೆ ನಗು ಬರಲಿಲ್ಲ.

‘ಇಲ್ಲ ಸಾರ್. ನನ್ನ ಹೆಂಡತಿ.’

ಚನ್ನಬಸವಯ್ಯ ಹೌದೇ ಎಂದು ಕ್ಯಾನು ಕೆಳಗಿಟ್ಟರು. ಒಳಗೆ ಹೋಗಲ್ವಾ ಎಂದು ಕೇಳಿದರು. ಮುಗೀಲಿ ಎಂದ ವೆಂಕಟಾಚಲ. ಚಿಲಕದ ಕಬ್ಬಿಣ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಹಾಗೇ ಹಿಡಿದುಕೊಂಡು ಬೀದಿಯಲ್ಲಿ ನಿಂತ.